ಒಂದು ಚೀಟಿ, ಹಲವು ಪೆಟ್ಟಿಗೆ: ಜಾರ್ಜ್ ಪೀಟರ್ ಮರ್ಡಾಕ್

ಬೋಧನಾಭ್ಯಾಸದ ಎರಡನೇ ವಾರ ನಾನು ಎಂಟನೇ ತರಗತಿಗೆ ವರ್ಗೀಕರಣದ ಪಾಠ ಮಾಡಿದೆ. ನನಗೆ ಸಿಕ್ಕಿದ್ದು ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆ. ಪಾಠ ಯೋಜನೆಯಲ್ಲಿ ಹತ್ತು ನಿಮಿಷದ ಒಂದು ಚಟುವಟಿಕೆ ಇಟ್ಟುಕೊಂಡಿದ್ದೆ. ಮನೆಯಲ್ಲಿ ಸಿಗುವ, ಸಸ್ಯಗಳಿಂದ ಬರುವ ಹತ್ತು ವಸ್ತುಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದೆ. ಆಹಾರ, ಔಷಧಿ, ಇತರೆ ಎಂದು ಮೂರು ಕಾಲಂ ಎಳೆದು, ಆ ಹತ್ತನ್ನೂ ಹಂಚಿ ಬರೆಯಲು ಮಕ್ಕಳಿಗೆ ಹೇಳಿದೆ.

ಎರಡನೇ ಬೆಂಚಿನ ಒಬ್ಬಳು ಹುಡುಗಿ ಅರಿಶಿನವನ್ನು ಮೂರೂ ಕಾಲಂಗಳಲ್ಲಿ ಬರೆದಿದ್ದಳು. ಅಷ್ಟು ಸಾಲದೆ ಸ್ಕೇಲಿನಿಂದ ನಾಲ್ಕನೇ ಕಾಲಂ ಎಳೆದು, ಅದಕ್ಕೆ ದುಡ್ಡು ಎಂದು ತಲೆಬರಹ ಕೊಟ್ಟು, ಅಲ್ಲೂ ಅರಿಶಿನ ಎಂದು ಬರೆದಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಮೂರನ್ನು ಹೊಡೆದುಹಾಕಿ, ಆಹಾರದ ಕೆಳಗಿನ ಒಂದನ್ನು ಮಾತ್ರ ಉಳಿಸಿದೆ. ಒಂದು ವಸ್ತುವಿಗೆ ಒಂದೇ ಗುಂಪು ಎಂದು ಪುಸ್ತಕದ ಅಂಚಿನಲ್ಲಿ ಬರೆದು ಅಂಕ ಕಳೆದೆ. ಅವಳ ಮನೆಯವರು ಅರಿಶಿನ ಬೆಳೆಯುವವರು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಅವರ ಮನೆಯಲ್ಲಿ ಅರಿಶಿನ ಸಾರಿಗೆ ಹಾಕುವ ಪುಡಿ, ಗಾಯಕ್ಕೆ ಹಚ್ಚುವ ಮದ್ದು, ಹೊಸಿಲಿಗೆ ಬಳಿಯುವ ಬಣ್ಣ; ಬೇಯಿಸಿ ಒಣಗಿಸಿ ಮಾರಿದರೆ ಸೊಸೈಟಿಯ ಸಾಲ ತೀರಿಸುವ ಬೆಳೆ.

ಆ ದಿನ ನನ್ನ ಪಾಠ ವೀಕ್ಷಣೆಯ ಹಾಳೆಯಲ್ಲಿ ಸಮಯಪಾಲನೆ ಉತ್ತಮ ಎಂದು ಬರೆದಿತ್ತು. ಹುಡುಗಿ ಮಾತ್ರ ಆಮೇಲೆ ಕೈ ಎತ್ತಲಿಲ್ಲ.

ಜೀವನ ಚರಿತ್ರೆ ಬರೆಯಬೇಕಾದ ಈ ಪುಟಕ್ಕೆ ಅರಿಶಿನದ ಕಥೆ ಏಕೆ ಎಂದು ಕೇಳಬಹುದು. ನಾನು ಆ ಹುಡುಗಿಗೆ ತಪ್ಪು ಮಾಡಿದ್ದೇನೆ ಎಂದು ನನಗೆ ಅರ್ಥ ಮಾಡಿಸಿದ್ದು ಒಬ್ಬ ಅಮೆರಿಕನ್ ಮಾನವಶಾಸ್ತ್ರಜ್ಞನ ಕೆಲಸ. ಅವನ ಹೆಸರು ಜಾರ್ಜ್ ಪೀಟರ್ ಮರ್ಡಾಕ್. ಮಾನವಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ ಹೆಸರು, ಬಿ.ಎಸ್ಸಿ. ಬಿ.ಎಡ್. ಓದುವ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ದಸರಾ ರಜೆಯಲ್ಲಿ ದೊಡ್ಡಪ್ಪನ ಮನೆಗೆ ಹೋಗಿದ್ದಾಗ, ಮಾನವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ಅಕ್ಕ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ದತ್ತಸಂಚಯ ತೆರೆದು ಕುಳಿತಿದ್ದಳು. ಅದರಲ್ಲಿ ಜಗತ್ತಿನ 300ಕ್ಕೂ ಹೆಚ್ಚು ಸಮುದಾಯಗಳ ಬಗ್ಗೆ ಬರೆದ ಪುಸ್ತಕಗಳೂ ಲೇಖನಗಳೂ ಪೂರ್ತಿಯಾಗಿ ಇವೆ. ಅದರ ಮೂಲಪುರುಷ ಮರ್ಡಾಕ್.

ಮರ್ಡಾಕ್ ಹುಟ್ಟಿದ್ದು 1897ರ ಮೇ 11ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮೆರಿಡನ್ ಎಂಬ ಊರಿನಲ್ಲಿ. ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದ ಮನೆ. ಹುಡುಗನಾಗಿದ್ದಾಗ ಹೊಲದಲ್ಲಿ ಬಹಳ ಹೊತ್ತು ದುಡಿದ. ಯಂತ್ರಗಳು ಬರುವ ಮೊದಲಿನ ಬೇಸಾಯ ಹೇಗಿತ್ತೆಂದು ಮೈಯಿಂದಲೇ ಕಲಿತ. ಮುಂದೆ ದೂರದೂರದ ರೈತರು, ದನಗಾಹಿಗಳ ಬಗ್ಗೆ ಬೇರೆಯವರು ಬರೆದದ್ದನ್ನು ಓದುವಾಗ ಈ ಅನುಭವ ಅವನಿಗೆ ನೆರವಾಯಿತು.

ಯೇಲ್ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಇತಿಹಾಸ ಓದಿ ಪದವಿ ಪಡೆದ. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದ. ಬಳಿಕ ಹಾರ್ವರ್ಡ್‌ನಲ್ಲಿ ಕಾನೂನು ಓದಲು ಸೇರಿ, ಎರಡನೇ ವರ್ಷದಲ್ಲಿ ಅದನ್ನು ಬಿಟ್ಟು, ಪ್ರಪಂಚ ಸುತ್ತಲು ಹೊರಟುಬಿಟ್ಟ. ಆ ಸುತ್ತಾಟವೂ ಯೇಲ್‌ನ ಗುರುಗಳಲ್ಲಿ ಒಬ್ಬನಾದ ಆಲ್ಬರ್ಟ್ ಕೆಲ್ಲರ್‌ನ ಪ್ರಭಾವವೂ ಸೇರಿ ಅವನನ್ನು ಮನುಷ್ಯರ ರೀತಿನೀತಿಗಳ ಅಧ್ಯಯನದ ಕಡೆಗೆ ತಿರುಗಿಸಿದವು. ಆಗ ಅಮೆರಿಕದಲ್ಲಿ ಆ ಶಾಸ್ತ್ರದ ದೊಡ್ಡ ಹೆಸರು ಕೊಲಂಬಿಯಾದ ಫ್ರಾನ್ಸ್ ಬೋವಾಸ್. ಮರ್ಡಾಕ್ ಅವನ ಬಳಿ ಓದಲು ಕೇಳಿಕೊಂಡ. ಈ ಹುಡುಗನಿಗೆ ಗಟ್ಟಿಯಾದ ಆಸಕ್ತಿ ಇಲ್ಲ, ಮೇಲುಮೇಲಿನ ಹವ್ಯಾಸ ಎಂದುಕೊಂಡ ಬೋವಾಸ್ ಸೇರಿಸಿಕೊಳ್ಳಲಿಲ್ಲ. ಮರ್ಡಾಕ್ ಯೇಲ್‌ಗೇ ಹಿಂತಿರುಗಿ 1925ರಲ್ಲಿ ಡಾಕ್ಟರೇಟ್ ಪಡೆದ. ಅದೇ ವರ್ಷ ಮದುವೆಯಾದ. 1928ರಿಂದ ಯೇಲ್‌ನಲ್ಲೇ ಮೇಷ್ಟ್ರಾದ.

ಬಾಗಿಲು ಮುಚ್ಚಿದ ಬೋವಾಸ್‌ನ ದಾರಿಗೂ ಮರ್ಡಾಕ್ ಹಿಡಿದ ದಾರಿಗೂ ವ್ಯತ್ಯಾಸವಿತ್ತು. ಒಂದೊಂದು ಸಮುದಾಯವನ್ನೂ ಅದರದೇ ನೆಲದಲ್ಲಿ, ಅದರದೇ ಇತಿಹಾಸದೊಳಗೆ ಇಟ್ಟು ನೋಡಬೇಕು, ಅವಸರದಲ್ಲಿ ಹೋಲಿಸಬಾರದು ಎಂಬುದು ಬೋವಾಸ್‌ನ ಶಿಷ್ಯರ ನಿಲುವು. ಹೋಲಿಸದಿದ್ದರೆ ಶಾಸ್ತ್ರ ಹೇಗಾಗುತ್ತದೆ ಎಂಬುದು ಯೇಲ್‌ನವರ ಪ್ರಶ್ನೆ. ಮರ್ಡಾಕ್ ಕ್ಷೇತ್ರಕಾರ್ಯ ಮಾಡದವನೇನಲ್ಲ. 1932ರಲ್ಲಿ ವಾಯವ್ಯ ಕರಾವಳಿಯ ಹೈಡಾ ಜನರ ನಡುವೆ, ಆಮೇಲೆ ಆರಿಗಾನ್‌ನ ಟೆನಿನೋ ಜನರ ನಡುವೆ ಕೆಲಸ ಮಾಡಿದ. ಆದರೆ ಅವನ ನಿಜವಾದ ಹೊಲ ಗ್ರಂಥಾಲಯ.

1934ರಲ್ಲಿ ಅವನು ಜಗತ್ತಿನ ಬೇರೆ ಬೇರೆ ಕಡೆಯ 18 ಸಮುದಾಯಗಳ ಬದುಕನ್ನು ವಿವರಿಸುವ ಒಂದು ಪುಸ್ತಕ ಬರೆದ. ಅವರನ್ನು ಆದಿಮ ಎಂದು ಕರೆಯುವ ಅದರ ತಲೆಬರಹ ಇಂದು ಸರಿ ಎನಿಸುವುದಿಲ್ಲ. ಆ 18ರಲ್ಲಿ ಒಂದು ಸಮುದಾಯ ನಾನು ಪಾಠ ಮಾಡಿದ ಶಾಲೆಗೆ ಹತ್ತಿರದ್ದು: ನೀಲಗಿರಿಯ ತೋಡರು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿಗೆ ಹೋಗುವ ಬಸ್ಸು ಅವರ ಬೆಟ್ಟಕ್ಕೇ ಹೋಗುತ್ತದೆ. ಅವರ ನೆರೆಯವರಾದ ಬಡಗರ ಮಾತು ನಮ್ಮ ಕನ್ನಡಕ್ಕೆ ತೀರಾ ಹತ್ತಿರ. ಅಕ್ಕ ನನಗೆ ಹುಡುಕಾಟ ಕಲಿಸಿದ್ದೂ ತೋಡರನ್ನೇ ಇಟ್ಟುಕೊಂಡು. ಅದನ್ನು ಮುಂದೆ ಹೇಳುತ್ತೇನೆ.

ಮರ್ಡಾಕ್‌ಗೆ ಎದುರಾದ ಕಷ್ಟ ಏನೆಂದರೆ, ಒಂದು ಸಮುದಾಯದ ಬಗ್ಗೆ ಹತ್ತು ಪುಸ್ತಕಗಳಿದ್ದರೆ ಮದುವೆಯ ಮಾತು ಹತ್ತರಲ್ಲೂ ಹರಡಿಕೊಂಡಿರುತ್ತದೆ. ಪ್ರವಾಸಿ ಬರೆದದ್ದು, ಪಾದ್ರಿ ಬರೆದದ್ದು, ಸರ್ಕಾರಿ ಅಧಿಕಾರಿ ಬರೆದದ್ದು, ಸಂಶೋಧಕ ಬರೆದದ್ದು. ಒಬ್ಬೊಬ್ಬರ ಪದ ಒಂದೊಂದು. ನೂರು ಸಮುದಾಯಗಳನ್ನು ಹೋಲಿಸಬೇಕೆಂದರೆ ಸಾವಿರ ಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಇನ್ನೊಬ್ಬ ಸಂಶೋಧಕ ಮಕ್ಕಳ ಪಾಲನೆ ಬಗ್ಗೆ ಹೋಲಿಸಲು ಹೊರಟರೆ ಅದೇ ಸಾವಿರ ಪುಸ್ತಕಗಳನ್ನು ಅವನೂ ಓದಬೇಕು.

1937ರಲ್ಲಿ ಯೇಲ್‌ನ ಮಾನವ ಸಂಬಂಧಗಳ ಸಂಸ್ಥೆಯಲ್ಲಿ ಅವನು ಒಂದು ಸಮೀಕ್ಷೆ ಆರಂಭಿಸಿದ. ಪುಸ್ತಕಗಳನ್ನು ಒಂದೇ ಸಲ ಎಲ್ಲರ ಪರವಾಗಿ ಓದಿಡುವುದು ಅದರ ಉದ್ದೇಶ. ಅದಕ್ಕೆ ಬೇಕಾದ ವಿಷಯಪಟ್ಟಿಯನ್ನು ಕ್ಲೆಲನ್ ಫೋರ್ಡ್ ಮೊದಲಾದ ಜೊತೆಗಾರರೊಂದಿಗೆ ಸೇರಿ 1938ರಲ್ಲಿ ಪ್ರಕಟಿಸಿದ. ಅದರ ಹೆಸರು ‘ಔಟ್‌ಲೈನ್ ಆಫ್ ಕಲ್ಚರಲ್ ಮೆಟೀರಿಯಲ್ಸ್’. ಮನುಷ್ಯರು ಮಾಡುವ, ನಂಬುವ, ಉಣ್ಣುವ, ಉಡುವ ಎಲ್ಲಕ್ಕೂ ಅದರಲ್ಲಿ ಮೂರಂಕಿಯ ಸಂಖ್ಯೆಗಳಿವೆ. ಮದುವೆಗೆ 580. ಅದರೊಳಗೆ ಮದುವೆ ಆಗುವ ವಿಧಾನಕ್ಕೆ 583, ಮದುವೆ ಗೊತ್ತುಮಾಡುವುದಕ್ಕೆ 584. ಹೈನುಗಾರಿಕೆಗೆ 234. ಗರ್ಭಧರಿಸಿದ ಕಾಲಕ್ಕೆ 843, ಹೆರಿಗೆಗೆ 844. ಶಿಕ್ಷಣಕ್ಕೆ 870, ಅದರೊಳಗೆ ಶಿಕ್ಷಕರಿಗೆ 875. ನಮಗೂ ಒಂದು ಸಂಖ್ಯೆ ಇದೆ ಎಂದು ನೋಡಿ ನಾನೂ ಅಕ್ಕನೂ ನಕ್ಕೆವು. ಪಟ್ಟಿ ಹಲವು ಸಲ ಪರಿಷ್ಕಾರವಾಗಿ ಈಗ ಅದರಲ್ಲಿ 700ಕ್ಕೂ ಹೆಚ್ಚು ವಿಷಯಗಳಿವೆ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ತರಬೇತಾದ ಒಬ್ಬ ಓದುಗ ಪುಸ್ತಕವನ್ನು ಮುಂದಿಟ್ಟುಕೊಂಡು ಕೂರುತ್ತಾನೆ. ಒಂದು ಪ್ಯಾರಾ ಓದುತ್ತಾನೆ. ಇದು ಯಾವುದರ ಬಗ್ಗೆ ಎಂದು ಯೋಚಿಸಿ ಅಂಚಿನಲ್ಲಿ ಸಂಖ್ಯೆ ಬರೆಯುತ್ತಾನೆ. ಎರಡು ವಿಷಯಗಳಿದ್ದರೆ ಎರಡು ಸಂಖ್ಯೆ, ಐದಿದ್ದರೆ ಐದು. ಆಮೇಲೆ ಆ ಪುಟದ ಅಷ್ಟೂ ನಕಲು ಚೀಟಿಗಳು ತಯಾರಾಗುತ್ತವೆ. ಒಂದೊಂದು ಸಂಖ್ಯೆಯ ಕೆಳಗೂ ಒಂದೊಂದು ಚೀಟಿ ಹೋಗಿ ಕೂರುತ್ತದೆ. ಅಂದರೆ ಒಂದೇ ಪ್ಯಾರಾ ಐದು ಪೆಟ್ಟಿಗೆಗಳಲ್ಲಿ ಇರಬಹುದು. ಯಾವ ಬಾಗಿಲಿನಿಂದ ಬಂದವನಿಗೂ ಅದು ಸಿಗಬೇಕು.

ಇದನ್ನು ಕೇಳಿದಾಗಲೇ ನನಗೆ ಅರಿಶಿನ ನೆನಪಾಯಿತು. ಆ ಹುಡುಗಿ ಮಾಡಿದ್ದು ಇದನ್ನೇ ತಾನೆ? ಅವಳು ನಾಲ್ಕು ಚೀಟಿ ಬರೆದಿದ್ದಳು. ನಾನು ಮೂರನ್ನು ಹರಿದುಹಾಕಿದ್ದೆ.

ಅದೇ ಕಾಲದಲ್ಲಿ ನಮ್ಮ ದೇಶದಲ್ಲೂ ಒಬ್ಬರು ಇಂಥದ್ದನ್ನೇ ಯೋಚಿಸುತ್ತಿದ್ದರು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿ ಕೆಲಸ ಶುರುಮಾಡಿ, ಮುಂದೆ ಗ್ರಂಥಾಲಯ ವಿಜ್ಞಾನಿಯಾದ ಎಸ್. ಆರ್. ರಂಗನಾಥನ್. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ, ಒಂದು ಪುಸ್ತಕಕ್ಕೆ ಹಲವು ಮುಖಗಳಿರುತ್ತವೆ ಎಂಬುದನ್ನು ಒಪ್ಪಿಕೊಂಡು ಸಂಖ್ಯೆ ಕೊಡುವ ಕ್ರಮ. ಆದರೆ ಅವರು ಪುಸ್ತಕಕ್ಕೆ ಜಾಗ ಹುಡುಕಿದರೆ, ಮರ್ಡಾಕ್‌ನ ತಂಡ ಪುಸ್ತಕದೊಳಗಿನ ಒಂದೊಂದು ಪ್ಯಾರಾಕ್ಕೂ ಜಾಗ ಹುಡುಕಿತು.

ಎರಡನೇ ಮಹಾಯುದ್ಧ ಬಂದಾಗ ಈ ಚೀಟಿಗಳಿಗೆ ಬೇರೆಯೇ ಬೆಲೆ ಬಂತು. ಜಪಾನಿನ ಹಿಡಿತದಲ್ಲಿದ್ದ ಪೆಸಿಫಿಕ್ ದ್ವೀಪಗಳಿಗೆ ಅಮೆರಿಕದ ನೌಕಾಪಡೆ ಹೋಗಬೇಕಿತ್ತು. ಅಲ್ಲಿನ ಜನ, ಊಟ, ಜಮೀನು, ಮುಖ್ಯಸ್ಥರು, ಕಾಯಿಲೆ ಇವುಗಳ ವಿವರ ಬೇಕಾಗಿತ್ತು. ಮರ್ಡಾಕ್ ನೌಕಾಪಡೆ ಸೇರಿ ಅಧಿಕಾರಿಯಾದ. ಮಾರ್ಷಲ್, ಕ್ಯಾರೊಲಿನ್, ಮರಿಯಾನಾ ಮುಂತಾದ ದ್ವೀಪಗಳ ಬಗ್ಗೆ ಆಡಳಿತಗಾರರಿಗಾಗಿ ಕೈಪಿಡಿಗಳು ತಯಾರಾದವು. ಜ್ಞಾನವನ್ನು ಸುಲಭವಾಗಿ ಸಿಗುವಂತೆ ಜೋಡಿಸಿಟ್ಟರೆ ಅದು ವಿದ್ಯಾರ್ಥಿಗೂ ಸಿಗುತ್ತದೆ, ಸೈನ್ಯಕ್ಕೂ ಸಿಗುತ್ತದೆ. ಯುದ್ಧ ಮುಗಿದ ಮೇಲೆ 1947ರಲ್ಲಿ ಮೈಕ್ರೊನೇಷ್ಯಾದ ದ್ವೀಪಗಳಿಗೆ ಸಂಶೋಧಕರ ದೊಡ್ಡ ತಂಡ ಹೋಯಿತು. ಮರ್ಡಾಕ್ ಸ್ವತಃ ಟ್ರಕ್ ದ್ವೀಪದಲ್ಲಿ ಕೆಲಸ ಮಾಡಿದ.

1949 ಅವನ ಬದುಕಿನ ದೊಡ್ಡ ವರ್ಷ. ಯೇಲ್ ಮತ್ತು ಇತರ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ ಆ ಚೀಟಿಗಳ ಕೆಲಸವನ್ನು ‘ಹ್ಯೂಮನ್ ರಿಲೇಷನ್ಸ್ ಏರಿಯಾ ಫೈಲ್ಸ್’ ಎಂಬ ಸಂಸ್ಥೆಯಾಗಿ ಕಟ್ಟಿದವು. ಒಂದು ಕಡೆ ಮಾತ್ರ ಇದ್ದ ಚೀಟಿಗಳ ಪ್ರತಿ ಈಗ ಸದಸ್ಯ ವಿಶ್ವವಿದ್ಯಾಲಯಗಳಿಗೆಲ್ಲ ಸಿಗುವಂತಾಯಿತು. ಅದೇ ವರ್ಷ 250 ಸಮಾಜಗಳನ್ನು ಹೋಲಿಸಿ ಕುಟುಂಬ, ನೆಂಟಸ್ತಿಕೆಗಳ ಬಗ್ಗೆ ಬರೆದ ಅವನ ‘ಸೋಷಿಯಲ್ ಸ್ಟ್ರಕ್ಚರ್’ ಪ್ರಕಟವಾಗಿ ಹೆಸರು ಎಲ್ಲೆಡೆ ಹರಡಿತು.

ಅದೇ 1949ರಲ್ಲಿ ಅವನು ಇನ್ನೊಂದು ಕೆಲಸವನ್ನೂ ಮಾಡಿದ. ಅಮೆರಿಕದಲ್ಲಿ ಕಮ್ಯುನಿಸ್ಟರೆಂದರೆ ಭಯ ಹಬ್ಬಿದ್ದ ಕಾಲ ಅದು. ಮರ್ಡಾಕ್ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಮುಖ್ಯಸ್ಥ ಎಡ್ಗರ್ ಹೂವರ್‌ಗೆ ಪತ್ರ ಬರೆದು, ತನ್ನದೇ ಶಾಸ್ತ್ರದ ಕೆಲವು ಸಹೋದ್ಯೋಗಿಗಳು ಕಮ್ಯುನಿಸ್ಟರೆಂದು ಹೆಸರು ಹೇಳಿದ. ಅವನು ಸತ್ತು ಬಹಳ ಕಾಲದ ಮೇಲೆ ಸರ್ಕಾರಿ ಕಡತಗಳಿಂದ ಈ ವಿಷಯ ಹೊರಬಂದು ಪ್ರಕಟವಾಯಿತು. ಅಕ್ಕ ಇದನ್ನು ಹೇಳಿದಾಗ ನನಗೆ ಬೇಸರವಾಯಿತು. ಜೀವನ ಚರಿತ್ರೆಯ ಪಾಠದಲ್ಲಿ ಇದನ್ನು ಬಿಟ್ಟುಬಿಡಬಹುದಿತ್ತು. ಬಿಡಬಾರದು ಎನಿಸಿತು. ಒಂದು ಪ್ಯಾರಾಕ್ಕೆ ಐದು ಹಣೆಪಟ್ಟಿ ಇರಬಹುದೆಂದು ಒಪ್ಪಿದ ಮನುಷ್ಯನೇ, ಬದುಕಿದ್ದ ಜೊತೆಗಾರರಿಗೆ ಒಂದೇ ಹಣೆಪಟ್ಟಿ ಅಂಟಿಸಿ ಪೊಲೀಸರ ಕೈಗೆ ಕೊಟ್ಟ. ಹಣೆಪಟ್ಟಿ ಹಚ್ಚುವ ಕೆಲಸ ಯಾರ ಕೈಯಲ್ಲಿದ್ದರೂ ಎಚ್ಚರ ಬೇಕು. ಕೆಂಪು ಪೆನ್ನು ಹಿಡಿದ ನಮ್ಮ ಕೈಯಲ್ಲೂ ಬೇಕು.

ಮುಂದಿನ ವರ್ಷಗಳು ಪಟ್ಟಿ, ಕೋಷ್ಟಕಗಳ ವರ್ಷಗಳು. 1955ರಲ್ಲಿ ಅಮೆರಿಕದ ಮಾನವಶಾಸ್ತ್ರ ಸಂಘದ ಅಧ್ಯಕ್ಷನಾದ. 1960ರಲ್ಲಿ ಯೇಲ್ ಬಿಟ್ಟು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದ. 1962ರಲ್ಲಿ ‘ಎತ್ನಾಲಜಿ’ ಎಂಬ ಪತ್ರಿಕೆ ಶುರುಮಾಡಿ, ಅದರಲ್ಲಿ ಸಮಾಜಗಳ ಕೋಷ್ಟಕಗಳನ್ನು ಕಂತುಕಂತಾಗಿ ಪ್ರಕಟಿಸಿದ. 1967ರಲ್ಲಿ ಒಟ್ಟುಗೂಡಿಸಿದಾಗ ಅದರಲ್ಲಿ 862 ಸಮಾಜಗಳಿದ್ದವು. 1969ರಲ್ಲಿ ಡಗ್ಲಸ್ ವೈಟ್ ಜೊತೆ ಸೇರಿ, ಒಂದರ ಪ್ರಭಾವ ಇನ್ನೊಂದರ ಮೇಲೆ ಆದಷ್ಟು ಕಡಿಮೆ ಇರುವಂತೆ 186 ಸಮಾಜಗಳನ್ನು ಆರಿಸಿ ಹೋಲಿಕೆಗೆ ಮಾದರಿಯಾಗಿ ಕೊಟ್ಟ. ಅದರಲ್ಲೂ ತೋಡರಿದ್ದಾರೆ.

1971ರಲ್ಲಿ ಅವನಿಗೆ ಬ್ರಿಟನ್ನಿನ ಹಕ್ಸ್‌ಲಿ ಸ್ಮಾರಕ ಉಪನ್ಯಾಸದ ಗೌರವ ಸಿಕ್ಕಿತು. ಎಪ್ಪತ್ತು ದಾಟಿದ್ದ ಅವನು ಆ ವೇದಿಕೆಯಲ್ಲಿ ತನ್ನ ಹಳೆಯ ಗೆಲುವುಗಳನ್ನು ಹೇಳಿಕೊಳ್ಳಲಿಲ್ಲ. ಸಂಸ್ಕೃತಿ, ಸಮಾಜ ಎಂಬ ದೊಡ್ಡ ಪದಗಳೇ ಎಲ್ಲಕ್ಕೂ ಕಾರಣ ಎಂಬಂತೆ ತಮ್ಮ ಶಾಸ್ತ್ರದವರು ಮಾತಾಡಿದ್ದು ಒಂದು ಪುರಾಣ, ಮನುಷ್ಯರು ಮಾಡುವುದಕ್ಕೆ ಕಾರಣ ಮನುಷ್ಯರಲ್ಲೇ ಹುಡುಕಬೇಕು, ತಾನೂ ಇದರಲ್ಲಿ ತಪ್ಪಿದ್ದೇನೆ ಎಂಬರ್ಥದ ಮಾತಾಡಿದ. 1973ರಲ್ಲಿ ನಿವೃತ್ತನಾಗಿ ಫಿಲಡೆಲ್ಫಿಯಾ ಹತ್ತಿರ ನೆಲೆಸಿದ. 1985ರ ಮಾರ್ಚ್ 29ರಂದು ತೀರಿಕೊಂಡ. ಅವನ ಕಾಗದದ ಚೀಟಿಗಳು ಅಷ್ಟರಲ್ಲಿ ಮೈಕ್ರೊಫಿಶ್ ಹಾಳೆಗಳಿಗೆ ಇಳಿದಿದ್ದವು. 1990ರ ದಶಕದಲ್ಲಿ ಅವು ಸಿ.ಡಿ.ಗೆ, ಆಮೇಲೆ ಅಂತರ್ಜಾಲಕ್ಕೆ ಬಂದವು.

ಈಗ ಹುಡುಕಾಟದ ವಿಷಯ. ಗೂಗಲ್ ಇರುವಾಗ ಈ ಸಂಖ್ಯೆಗಳೆಲ್ಲ ಏಕೆ ಎಂದು ನಾನು ಅಕ್ಕನನ್ನು ಕೇಳಿದೆ. ಅವಳು ಕನ್ನಡದಲ್ಲೇ ಉದಾಹರಣೆ ಕೊಟ್ಟಳು. ಒಬ್ಬರು ಒಂದು ಊರಿನ ಮದುವೆಯನ್ನು ವಿವರಿಸುತ್ತಾರೆ ಎಂದಿಟ್ಟುಕೊ. ಚಪ್ಪರ ಹಾಕಿದರು, ಧಾರೆ ಎರೆದರು, ತಾಳಿ ಕಟ್ಟಿಸಿದರು ಎಂದು ಇಡೀ ಪ್ಯಾರಾ ಬರೆದಿರುತ್ತಾರೆ, ಮದುವೆ ಎಂಬ ಪದ ಒಂದು ಸಲವೂ ಬಂದಿರುವುದಿಲ್ಲ. ಪದ ಹಾಕಿ ಹುಡುಕಿದರೆ ಆ ಪ್ಯಾರಾ ತಪ್ಪಿಹೋಗುತ್ತದೆ. ಇನ್ನೊಂದು ಕಡೆ ಮಳೆ ಬರಲಿಲ್ಲ ಎಂದು ಕಪ್ಪೆಗಳಿಗೆ ಮದುವೆ ಮಾಡಿಸಿದ ವಿವರ ಇರುತ್ತದೆ. ಪದ ಹಾಕಿದವನಿಗೆ ಅದು ಮೊದಲು ಬರುತ್ತದೆ. ಆದರೆ ಅದು ಮಳೆಯ ಆಚರಣೆ. ಯಂತ್ರ ಪದವನ್ನು ನೋಡುತ್ತದೆ. ವಿಷಯಸಂಖ್ಯೆ ಎಂದರೆ ಒಬ್ಬ ಮನುಷ್ಯ ಆ ಪ್ಯಾರಾ ಓದಿ, ಇದು ಇದರ ಬಗ್ಗೆ ಎಂದು ತೀರ್ಮಾನಿಸಿದ ಗುರುತು.

ಆಮೇಲೆ ತೋಡರನ್ನು ತೆಗೆದೆವು. ಈ ದತ್ತಸಂಚಯದಲ್ಲಿ ಸಮುದಾಯಗಳಿಗೂ ಗುರುತುಗಳಿವೆ. ತೋಡರದು ಎಡಬ್ಲ್ಯು 60. ತೋಡರ ಬಗ್ಗೆ ರಿವರ್ಸ್ ಎಂಬ ವಿದ್ವಾಂಸ 1906ರಲ್ಲಿ ದೊಡ್ಡ ಪುಸ್ತಕ ಪ್ರಕಟಿಸಿದ. ಹಿಂದೆ ಅವರಲ್ಲಿ ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿ ಇರುವ ಪದ್ಧತಿ ಇತ್ತು. ಹಾಗಾದರೆ ಮಗುವಿನ ತಂದೆ ಯಾರು? ಹೆಂಡತಿ ಗರ್ಭಿಣಿಯಾಗಿದ್ದಾಗ ಒಂದು ಆಚರಣೆಯಲ್ಲಿ ಅವಳಿಗೆ ಬಿಲ್ಲುಬಾಣ ಕೊಟ್ಟವನೇ ತಂದೆ. ಇನ್ನೊಬ್ಬ ಕೊಡುವವರೆಗೆ ಮುಂದಿನ ಮಕ್ಕಳಿಗೂ ಅವನೇ ತಂದೆ. ಈ ಸಂಗತಿಯನ್ನು ಬಿಲ್ಲು ಎಂಬ ಪದದಿಂದ ಹುಡುಕಿದರೆ ಲೋಕದ ಬೇಟೆಗಳೆಲ್ಲ ಬಂದು ಬೀಳುತ್ತವೆ. ಸಮುದಾಯ ತೋಡರು ಎಂದು ಆರಿಸಿ, ವಿಷಯಕ್ಕೆ ಗರ್ಭಕಾಲದ 843 ಅಥವಾ ಬಹುಪತಿತ್ವವೂ ಸೇರಿರುವ 595 ಕೊಟ್ಟರೆ ಹುಡುಕುವ ಜಾಗ ಕೆಲವೇ ಪುಟಗಳಿಗೆ ಇಳಿಯುತ್ತದೆ.

ಅಕ್ಕ ಕಲಿಸಿದ ಕ್ರಮವನ್ನು ನನ್ನಂಥ ಹೊಸಬರಿಗಾಗಿ ಬರೆಯುತ್ತೇನೆ. ಮೊದಲು ನಮ್ಮ ಪ್ರಶ್ನೆಯನ್ನು ತುಂಡು ಮಾಡಿಕೊಳ್ಳಬೇಕು: ಯಾವ ಜನ, ಯಾವ ವಿಷಯ. ಆಮೇಲೆ ವಿಷಯಪಟ್ಟಿ ತೆರೆದು ನಮ್ಮ ಪದಕ್ಕೆ ಅಲ್ಲಿ ಯಾವ ಹೆಸರಿದೆ ಎಂದು ನೋಡಬೇಕು. ಪ್ರತಿ ಸಂಖ್ಯೆಯ ಕೆಳಗೆ ಇದರಲ್ಲಿ ಏನು ಸೇರುತ್ತದೆ, ಇಲ್ಲಿ ಸಿಗದಿದ್ದರೆ ಬೇರೆ ಯಾವ ಸಂಖ್ಯೆ ನೋಡಬೇಕು ಎಂಬ ಟಿಪ್ಪಣಿ ಇರುತ್ತದೆ. ಅದನ್ನು ಓದದೆ ಮುಂದೆ ಹೋಗಬಾರದು. ಎರಡು ಸಂಖ್ಯೆ ಕೊಟ್ಟಾಗ ಎರಡೂ ಇರುವ ಪ್ಯಾರಾ ಬೇಕೋ, ಎರಡರಲ್ಲಿ ಯಾವುದಾದರೂ ಇರುವ ಪ್ಯಾರಾ ಸಾಕೋ ಎಂದು ಹೇಳಬೇಕು. ಎರಡೂ ಬೇಕೆಂದರೆ ಫಲಿತಾಂಶ ಕಡಿಮೆ, ಯಾವುದಾದರೂ ಎಂದರೆ ಹೆಚ್ಚು. ಬಹಳ ಬಂದರೆ ಆಗ ಒಂದು ಪದವನ್ನೂ ಜೊತೆಗೆ ಸೇರಿಸಿ ಜರಡಿ ಹಿಡಿಯಬಹುದು. ಎಲ್ಲಕ್ಕಿಂತ ಉಪಯೋಗದ ಉಪಾಯ ಇನ್ನೊಂದು. ಹೇಗೋ ಒಂದು ಒಳ್ಳೆಯ ಪ್ಯಾರಾ ಸಿಕ್ಕರೆ ಅದರ ಪಕ್ಕದಲ್ಲಿರುವ ಇತರ ಸಂಖ್ಯೆಗಳನ್ನು ನೋಡಬೇಕು. ನಮಗೆ ಹೊಳೆಯದ ಬಾಗಿಲುಗಳು ಅಲ್ಲಿ ಇರುತ್ತವೆ.

ಏನೂ ಸಿಗದಿದ್ದರೆ ಆ ಜನರಲ್ಲಿ ಆ ಪದ್ಧತಿಯೇ ಇಲ್ಲ ಎಂದು ಬರೆದುಬಿಡಬಾರದು ಎಂದೂ ಅಕ್ಕ ಎಚ್ಚರಿಸಿದಳು. ಬಂದವರು ಅದನ್ನು ಕೇಳದೆ ಇದ್ದಿರಬಹುದು, ಕೇಳಿದರೂ ಬರೆಯದೆ ಇದ್ದಿರಬಹುದು, ಬರೆದದ್ದಕ್ಕೆ ಓದುಗ ಬೇರೆ ಸಂಖ್ಯೆ ಹಾಕಿರಬಹುದು.

ಕೊನೆಯ ಮಾತೇ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ತೋಡರ ಬದುಕು ಎಮ್ಮೆಗಳ ಸುತ್ತ ಕಟ್ಟಿದ್ದು. ಅವರ ಪವಿತ್ರ ಎಮ್ಮೆಗಳ ಹಾಲನ್ನು ಕಡೆಯುವ ಮನೆಯೇ ಅವರ ದೇವಸ್ಥಾನ. ಹಾಲು ಕಡೆಯುವವನೇ ಪೂಜಾರಿ. ಮರ್ಡಾಕ್‌ನ ಪಟ್ಟಿಯಲ್ಲಿ ಹೈನುಗಾರಿಕೆ 234ರಲ್ಲಿದೆ, ಪವಿತ್ರ ವಸ್ತು ಮತ್ತು ಸ್ಥಳಗಳು 778ರಲ್ಲಿ, ಪೌರೋಹಿತ್ಯ 793ರಲ್ಲಿ. ಪಟ್ಟಿ ಮಾಡಿದವರ ಊರಿನಲ್ಲಿ ಹಾಲಿನ ಡೇರಿಗೂ ದೇವರ ಗುಡಿಗೂ ಬಹಳ ದೂರ. ತೋಡರಲ್ಲಿ ಎರಡಕ್ಕೂ ಒಂದೇ ಬಾಗಿಲು. ಅಂದರೆ ಪಟ್ಟಿ ಯಾರದ್ದೋ ಮನೆಯ ಪಟ್ಟಿ. ಎಲ್ಲರ ಮನೆಗೂ ಅದು ಅಳತೆಯ ಅಂಗಿಯಲ್ಲ. ಅದನ್ನು ಉಳಿಸಿದ್ದು ಒಂದೇ ಒಂದು ನಿಯಮ: ಒಂದು ಪ್ಯಾರಾಕ್ಕೆ ಬೇಕಾದಷ್ಟು ಸಂಖ್ಯೆ ಹಾಕಬಹುದು. ಹಾಲು ಕಡೆಯುವ ಮನೆಯ ಪ್ಯಾರಾ ಮೂರೂ ಕಡೆ ಇದ್ದರೆ ತೋಡರಿಗೆ ಅನ್ಯಾಯವಾಗುವುದಿಲ್ಲ. ಓದಿದವನು 234 ಮಾತ್ರ ಬರೆದು ಎದ್ದುಹೋಗಿದ್ದರೆ, ದೇವರ ಬಗ್ಗೆ ಹುಡುಕುವವನಿಗೆ ತೋಡರ ಗುಡಿಯೇ ಕಾಣುವುದಿಲ್ಲ.

ಜೀವಶಾಸ್ತ್ರದಲ್ಲಿ ಒಂದು ಸಸ್ಯಕ್ಕೆ ಒಂದೇ ಕುಟುಂಬ, ಒಂದೇ ಜಾತಿ. ಅರಿಶಿನ ಶುಂಠಿಯ ಕುಟುಂಬದ್ದು. ಅಲ್ಲಿ ಎರಡನೇ ಉತ್ತರ ಇಲ್ಲ. ಅದು ಹುಟ್ಟಿನ ಸಂಬಂಧವನ್ನು ಹೇಳುವ ವರ್ಗೀಕರಣ. ಆದರೆ ಆ ದಿನ ನಾನು ಕೊಟ್ಟ ಕಾಲಂಗಳು ಉಪಯೋಗದವು. ಉಪಯೋಗಕ್ಕೆ ಒಂದೇ ಗುಂಪು ಎಂಬ ನಿಯಮ ಎಲ್ಲಿಂದ ಬಂತು? ನಾನು ಎರಡು ಬಗೆಯ ವರ್ಗೀಕರಣಗಳನ್ನು ಕಲಸಿ, ಆ ಗೊಂದಲಕ್ಕೆ ಮಗುವಿನ ಅಂಕ ಕಳೆದಿದ್ದೆ.

ರಜೆ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಒಂದು ಹೆಚ್ಚುವರಿ ಅವಧಿ ಪಡೆದೆ. ಮೊದಲು ತರಗತಿಯ ಮುಂದೆ ನನ್ನ ತಪ್ಪನ್ನು ಹೇಳಿಕೊಂಡು, ಅವಳ ಪುಸ್ತಕ ತರಿಸಿ, ಕಳೆದ ಅಂಕ ಸೇರಿಸಿದೆ. ಆಮೇಲೆ ಹೊಸ ಹತ್ತು ವಸ್ತುಗಳ ಪಟ್ಟಿ ಕೊಟ್ಟು ಅದೇ ಚಟುವಟಿಕೆ ಮಾಡಿಸಿದೆ. ಅವಳ ಉತ್ತರ ನೋಡಿ ನನಗೆ ಮಾತೇ ಬರಲಿಲ್ಲ. ಹುಣಸೆ, ಬೇವು, ತೆಂಗು, ಎಲ್ಲವನ್ನೂ ನೀಟಾಗಿ ಒಂದೊಂದೇ ಕಾಲಂನಲ್ಲಿ ಬರೆದಿದ್ದಳು. ನಾಲ್ಕನೇ ಕಾಲಂ ಇರಲಿಲ್ಲ. ಅಂಕ ಹಿಂದಿರುಗಿಸುವುದು ಸುಲಭ, ಕಲಿಸಿಬಿಟ್ಟ ಭಯವನ್ನು ಹಿಂದೆ ಪಡೆಯುವುದು ಸುಲಭವಲ್ಲ.

ಮರುದಿನ ನಾನು ಕಾಲಂಗಳನ್ನೇ ಬಿಟ್ಟೆ. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಕತ್ತರಿಸಿ ಚೀಟಿ ಮಾಡಿಕೊಂಡು, ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದೆ. ಪೆಟ್ಟಿಗೆಗಳ ಮೇಲೆ ನಾನು ಏನನ್ನೂ ಬರೆಯಲಿಲ್ಲ. ಹೆಸರು ಮಕ್ಕಳೇ ಇಡಬೇಕು, ಒಂದು ವಸ್ತುವಿಗೆ ಎಷ್ಟು ಚೀಟಿ ಬೇಕಾದರೂ ಬರೆಯಬಹುದು, ಆದರೆ ಪ್ರತಿ ಚೀಟಿಗೂ ಕಾರಣ ಹೇಳಬೇಕು ಎಂದೆ. ಅಮೆರಿಕದ ಒಬ್ಬ ಮೇಷ್ಟ್ರು ಇಡೀ ಲೋಕದ ಜನರ ಬಗ್ಗೆ ಹೀಗೆಯೇ ಚೀಟಿ ಬರೆಸಿಟ್ಟ ಕಥೆಯನ್ನು ಐದು ನಿಮಿಷದಲ್ಲಿ ಹೇಳಿದೆ. ನಮ್ಮ ಪಕ್ಕದ ಬೆಟ್ಟದ ತೋಡರೂ ಅದರಲ್ಲಿದ್ದಾರೆ ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಪೆಟ್ಟಿಗೆಗಳು ಬೇಗ ತುಂಬಿದವು. ಔಷಧಿ, ಅಡುಗೆ, ಹಬ್ಬ, ದನಕ್ಕೆ, ಮಾರಾಟ ಎಂದೆಲ್ಲ ಹೆಸರುಗಳು ಬಂದವು. ಬೇವು ಎಷ್ಟು ಪೆಟ್ಟಿಗೆಗೆ ಹೋಗಬೇಕು ಎಂದು ಎರಡು ಗುಂಪುಗಳಿಗೆ ಜಗಳವೇ ಆಯಿತು. ಆ ಹುಡುಗಿ ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದಳು. ಗಂಟೆ ಹೊಡೆಯಲು ಸ್ವಲ್ಪ ಮೊದಲು ನನ್ನ ಮೇಜಿನ ಹತ್ತಿರ ಬಂದು, ಖಾಲಿ ಚೀಟಿ ಇನ್ನೂ ಇವೆಯಾ ಮಿಸ್ ಎಂದು ಕೇಳಿದಳು. ನನ್ನ ಕೈಯಲ್ಲಿದ್ದುದನ್ನೆಲ್ಲ ಅವಳಿಗೆ ಕೊಟ್ಟೆ.